ಸಹಾಯ ಬೇಕು: ಮಳೆ ಬಂದರೆ ಸ್ಟಾರ್ಟ್ ಆಗದ ಹಳೇ ಪೆಟ್ರೋಲ್ ಕಾರು

ನಾಲ್ಕು ಸಿಲಿಂಡರ್, ಕಾರ್ಬುರೇಟರ್, ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಸ್ವಿಚ್) ಇರುವ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ). ಬಿಸಿಲಿದ್ದರೆ ಒಂದೇ ಸಲಕ್ಕೆ ಹೊತ್ತಿಕೊಳ್ಳುತ್ತದೆ. ರಾತ್ರಿಯಿಡೀ ಮಳೆ ಸುರಿದರೆ ಬೆಳಗ್ಗೆ ಸ್ಟಾರ್ಟರ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಪ್ಲಗ್ ಬಿಚ್ಚಿದರೆ ತುದಿ ಪೆಟ್ರೋಲ್‌ನಲ್ಲಿ ಒದ್ದೆ. ಅಂದರೆ ಇಂಧನ ಬರುತ್ತಿದೆ, ಕಿಡಿಯೇ ಸಾಲುತ್ತಿಲ್ಲ.

ಇಲ್ಲಿವರೆಗೆ ನೋಡಿದ್ದು: ಬ್ಯಾಟರಿ 12.6 ವೋಲ್ಟ್. ಪ್ಲಗ್ ಗ್ಯಾಪ್ 0.7 ಮಿ.ಮೀ. ಡಿಸ್ಟ್ರಿಬ್ಯೂಟರ್ ಕ್ಯಾಪ್, ರೋಟರ್ ಎರಡೂ ಹೊಸವು. ಪ್ಲಗ್ ವೈರ್‌ಗಳ ರೆಸಿಸ್ಟೆನ್ಸ್ 6ರಿಂದ 9 ಕಿಲೋ ಓಮ್. ಆದರೆ ಮೀಟರ್ ತೋರಿಸುವುದು ಒಳಗಿನ ಎಳೆಯನ್ನು, ಮೇಲಿನ ರಬ್ಬರ್ ಸೋರುತ್ತಿದೆಯೇ ಎಂಬುದನ್ನಲ್ಲ. ಹಾಗಾಗಿ ಒಣ ದಿನ ಕತ್ತಲಲ್ಲಿ ಎಂಜಿನ್ ಓಡಿಸಿ, ಕೈ ದೂರವಿಟ್ಟು ನೀರಿನ ತುಂತುರು ಹೊಡೆದೆ. ವೈರ್‌ಗಳಲ್ಲಿ ಏನೂ ಇಲ್ಲ. ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲ್‌ನ ಮೂತಿಯಿಂದ ಪಕ್ಕದ ಟರ್ಮಿನಲ್‌ಗೆ ಮಾತ್ರ ನೀಲಿ ಕಿಡಿ ಹರಿದಾಡಿತು, ಎಂಜಿನ್ ಮುಗ್ಗರಿಸಿತು. ಒರೆಸಿ ನೋಡಿದರೆ ಅಲ್ಲಿ ಕೂದಲೆಳೆಯಂಥ ಕಪ್ಪು ಗೆರೆ.

ಇನ್ನೊಂದು ಅನುಮಾನ. ಇದು ಬ್ಯಾಲಸ್ಟ್ ರೆಸಿಸ್ಟರ್ (ಎಂಜಿನ್ ಓಡುವಾಗ ಕಾಯಿಲ್‌ಗೆ ಹೋಗುವ ವೋಲ್ಟೇಜ್ ಇಳಿಸುವ ಭಾಗ) ಇರುವ ಕಾಯಿಲ್, ಪ್ರೈಮರಿ ಸುರುಳಿ 1.5 ಓಮ್. ಕ್ರ್ಯಾಂಕ್ ಮಾಡುವಾಗ (ಸ್ಟಾರ್ಟರ್ ಎಂಜಿನ್ ತಿರುಗಿಸುವಾಗ) ಬ್ಯಾಟರಿಯಲ್ಲಿ 10.2 ವೋಲ್ಟ್ ಇದ್ದರೂ ಕಾಯಿಲ್ ಪಾಸಿಟಿವ್‌ನಲ್ಲಿ ಸುಮಾರು 7. ಸ್ಟಾರ್ಟರ್‌ಗೆ ಕರೆಂಟ್ ಬಿಡುವ ಸ್ವಿಚ್ ಆದ ಸೊಲೆನಾಯ್ಡ್‌ನಿಂದ ಬರುವ, ಆ ರೆಸಿಸ್ಟರ್ ತಪ್ಪಿಸಿ ಕಾಯಿಲ್‌ಗೆ ನೇರ ವೋಲ್ಟೇಜ್ ಕೊಡುವ ಬೈಪಾಸ್ ವೈರ್ ಕೆಲಸ ಮಾಡಿದರೆ ಎರಡೂ ಹತ್ತಿರಹತ್ತಿರ ಇರಬೇಕಲ್ಲವೇ?

ಬಲ್ಲವರು ಹೇಳಿ: ಆ ಗೆರೆ ಕೆರೆದು ಎಪಾಕ್ಸಿ ತುಂಬಿದರೆ ನಿಲ್ಲುತ್ತದೆಯೇ, ಕಾಯಿಲ್ಲೇ ಬದಲಿಸಬೇಕೇ? (ಇಂಗಾಲದ ದಾರಿ ಮತ್ತೆ ಬಾಯಿಬಿಡುತ್ತದೆ ಎಂಬುದೇ ನನ್ನ ಅಂದಾಜು.) ಸೊಲೆನಾಯ್ಡ್‌ನ ಚಿಕ್ಕ ಟರ್ಮಿನಲ್ ಒಳಗಿನ ಕಾಂಟ್ಯಾಕ್ಟ್ ಸವೆದಿದೆಯೇ ಎಂದು ಬಿಚ್ಚದೆ ಪರೀಕ್ಷಿಸುವುದು ಹೇಗೆ? ನೀರು ತಡೆಯುವ ಸ್ಪ್ರೇ ಹೊಡೆಯಿರಿ ಎನ್ನಬೇಡಿ; ಹೊಡೆದರೆ ಸ್ಟಾರ್ಟ್ ಆಗುತ್ತದೆ, ಮುಂದಿನ ಮಳೆಗೆ ಮತ್ತೆ ಅದೇ ಕಥೆ.