'ಗೆರ್' ಅಂದರೆ ಗುಡಾರವೋ, ಮನೆಯೋ?

ಗೆಳೆಯರೇ,

ಮಕ್ಕಳ ಪತ್ರಿಕೆಯೊಂದಕ್ಕೆ ಮಂಗೋಲಿಯಾದ ಕುರಿಗಾಹಿಗಳ ಬಗ್ಗೆ ಎರಡು ಪುಟ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ. ಅವರ ಆ ದುಂಡನೆಯ ಬಿಳಿ ಮನೆಗೆ ಕನ್ನಡದಲ್ಲಿ ಏನನ್ನೋಣ?

'ಯರ್ಟ್' ಬೇಡ. ಅದು ತುರ್ಕಿ ಬಳಗದ ಮಾತು, ರಷ್ಯನ್ ದಾರಿ ಹಿಡಿದು ಇಂಗ್ಲಿಷಿಗೆ ಬಂದದ್ದು. ಬೀಡು, ನೆಲೆ ಅನ್ನೋದು ಅದರ ಹಳೆಯ ಅರ್ಥ. ಇವತ್ತಿನ ಟರ್ಕಿಯಲ್ಲಿ 'ಯುರ್ತ್' ಅಂದರೆ ತಾಯ್ನಾಡು, ಹಾಸ್ಟೆಲ್ಲೂ ಹೌದು! ಮಂಗೋಲರ ಮಾತು 'ಗೆರ್'. ಮುಂಡಗೋಡಿನಲ್ಲಿರುವ ಟಿಬೆಟನ್ ಬೌದ್ಧರ ಗೋಮಾಂಗ್ ಮಠದಲ್ಲಿ ಮಂಗೋಲಿಯಾದ ಭಿಕ್ಷುಗಳೂ ಓದುತ್ತಾರಲ್ಲ, ಅಲ್ಲಿಗೆ ಹೋದಾಗ ಒಬ್ಬರ ಮುಂದೆ ನಾನು 'ಯರ್ಟ್' ಅಂದೆ. ನಕ್ಕು, "ಗೆರ್" ಎಂದು ತಿದ್ದಿದರು.

ಮೊದಲ ಕರಡಿನಲ್ಲಿ 'ಗುಡಾರ' ಎಂದು ಹಾಕಿದ್ದೆ. ತಂಗಿಯ ಮಗಳಿಗೆ ಓದಿ ಹೇಳಿ, ಚಿತ್ರ ಬರಿ ಅಂದರೆ ಸರ್ಕಸ್ ಟೆಂಟು ಬರೆದಳು. ಮೇಲೊಂದು ಬಾವುಟ ಬೇರೆ. 'ಡೇರೆ' ಅಂದರೆ ದಂಡು ನೆನಪಾಗುತ್ತದೆ. 'ಬಿಡಾರ' ಹತ್ತಿರ ಬರುತ್ತದೆ, ಆದರೆ ನಾಲ್ಕು ದಿನದ ಮಟ್ಟಿಗೆ ಇಳಿದುಕೊಂಡ ಹಾಗೆ ಕೇಳಿಸುತ್ತದೆ. ಗೆರ್ ಹಾಗಲ್ಲ. ವರ್ಷಕ್ಕೆ ಕೆಲವು ಸಲ ಬಿಚ್ಚಿ ಒಂಟೆ ಮೇಲೋ ಲಾರಿಯಲ್ಲೋ ಹೇರಿದರೂ, ಇಳಿಸಿದ ಕಡೆ ಮತ್ತೆ ಅದೇ ಮನೆ. ಬಾಗಿಲು ದಕ್ಷಿಣಕ್ಕೇ. ಬಾಗಿಲಿನ ಎದುರು ತುದಿ ದೇವರಿಗೆ, ಹಿರಿಯರಿಗೆ. ಹೊಸ್ತಿಲು ತುಳಿಯುವ ಹಾಗಿಲ್ಲ. ನಮ್ಮಜ್ಜಿ ಬೈಯುತ್ತಿದ್ದುದೂ ಇದಕ್ಕೇ ಅಲ್ವಾ?

ಅವರ ಭಾಷೆಯೂ ಅದನ್ನು ಮನೆ ಎಂದೇ ಎಣಿಸುತ್ತದೆ. 'ಗೆರ್ ಬ್ಯುಲ್' ಅಂದರೆ ಸಂಸಾರ. ಮದುವೆಯಾಗುವುದಕ್ಕೆ 'ಗೆರ್ಲೆಖ್', ಅಂದರೆ ಮನೆ ಮಾಡಿಕೊಳ್ಳುವುದು. ಗಂಡನನ್ನು 'ನಮ್ಮನೆಯವರು' ಅನ್ನುವ ನಮಗೆ ಇದು ಹೊಸದೇನಲ್ಲ. ಹಾಗಾಗಿ ಮೊದಲ ಸಲ 'ಗೆರ್ ಎಂಬ ದುಂಡುಮನೆ' ಎಂದು ಬರೆದು, ಆಮೇಲೆ ಸುಮ್ನೆ 'ಮನೆ' ಎಂದರೆ ಸಾಕು ಅಂತ ನನ್ನ ಅನಿಸಿಕೆ. ಒಪ್ಪದವರು ಹೇಳಿ.

ಒಂದು ಪದ ಮಾತ್ರ ಹುಡುಕದೆಯೇ ಸಿಕ್ಕಿತು. ಸೂರಿನ ನಡುವೆ ಬಂಡಿಯ ಗಾಲಿಯಂಥ ಒಂದು ಚೌಕಟ್ಟು, 'ಟೋನೊ'. ಬೆಳಕು ಒಳಗೆ ಬರುವುದು, ಹೊಗೆ ಹೊರಗೆ ಹೋಗುವುದು ಅಲ್ಲಿಂದಲೇ. ಮಳೆ ಬಂದರೆ ಹಗ್ಗ ಎಳೆದು ಮುಚ್ಚುತ್ತಾರೆ. ಉತ್ತರ ಕರ್ನಾಟಕದ ಮಾಳಿಗೆ ಮನೆ ಕಂಡವರಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ, ಬೆಳಕಿಂಡಿ. ಮಡಚಬಹುದಾದ ಜಾಲರಿ ಗೋಡೆಗೆ 'ಖಾನ' ಅನ್ನುತ್ತಾರೆ. ಅದನ್ನು 'ತಡಿಕೆ' ಮಾಡಿದ್ದೇನೆ, ಅಷ್ಟೇನೂ ತೃಪ್ತಿ ಇಲ್ಲ.

ನಿಜವಾದ ತೊಡಕು ಆ ಗೋಡೆಗೆ ಹೊದಿಸುವ 'ಎಸ್ಗಿ'ಯದ್ದು. ಇಂಗ್ಲಿಷಿನವರ ಫೆಲ್ಟ್. ನಾನು 'ಕಂಬಳಿ' ಎಂದು ಬರೆದಿದ್ದೆ, ಅದು ತಪ್ಪು. ಕಂಬಳಿ ನೇಯ್ದದ್ದು. ನೂಲು ತೆಗೆದು, ಹುಣಸೆಬೀಜದ ಗಂಜಿ ಹಾಕಿ, ಮಗ್ಗಕ್ಕೆ ಏರಿಸಿದ್ದು. ಎಸ್ಗಿಗೆ ನೂಲೂ ಇಲ್ಲ, ಮಗ್ಗವೂ ಇಲ್ಲ. ಕುರಿಯ ಉಣ್ಣೆಯನ್ನು ಕೋಲಿನಿಂದ ಬಡಿದು ಬಿಡಿಸುತ್ತಾರೆ. ಹಳೆಯದೊಂದು ಎಸ್ಗಿ ಹಾಸಿ, ಅದರ ಮೇಲೆ ಉಣ್ಣೆಯನ್ನು ಪದರ ಪದರವಾಗಿ ಹರಡಿ ನೀರು ಚಿಮುಕಿಸುತ್ತಾರೆ. ಆಮೇಲೆ ಒಂದು ಗಳಕ್ಕೆ ಸುತ್ತಿ, ಬಿಗಿದು ಕಟ್ಟಿ, ಕುದುರೆಗೆ ಹೂಡಿ ಬಯಲಿನಲ್ಲಿ ಉರುಳಿಸಿಕೊಂಡು ಹೋಗುತ್ತಾರೆ. ಉರುಳಿ ಉರುಳಿ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ದಪ್ಪ ಹಾಳೆಯಾಗುತ್ತದೆ. ಕೆಳಗೆ ಹಾಸಿದ ಹಳೆಯದನ್ನು 'ತಾಯಿ' ಎನ್ನುತ್ತಾರೆ. ಈ ಮಾತು ನನಗೆ ತುಂಬಾ ಹಿಡಿಸಿತು.

ನೇಯದೆ, ಒತ್ತಿ ಕೂಡಿಸಿದ ಇಂಥ ಉಣ್ಣೆಗೆ ನಿಮ್ಮ ಕಡೆ ಹೆಸರಿದೆಯೇ? ಕುದುರೆ ಜೀನಿನ ಕೆಳಗೆ ಹಾಕುತ್ತಿದ್ದ ದಪ್ಪ ಉಣ್ಣೆಗೆ ಏನನ್ನುತ್ತಿದ್ದರು? ಚಳ್ಳಕೆರೆ, ಬಾಗಲಕೋಟೆ, ಬೀದರ ಕಡೆಯವರು ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. 'ಒತ್ತುಣ್ಣೆ' ಅಂತ ನಾನೇ ಒಂದು ಕಟ್ಟಿಕೊಂಡಿದ್ದೇನೆ. ಇದ್ದ ಪದ ಸಿಕ್ಕರೆ ಅದನ್ನು ಇವತ್ತೇ ಹೊಡೆದುಹಾಕುತ್ತೇನೆ.