ಮನೆಯ ಲ್ಯಾಪ್‌ಟಾಪ್‌ಗೆ ಯಾವ ಆಂಟಿವೈರಸ್ ಹಾಕಲಿ? ಬಳಸಿ ನೋಡಿದವರು ಹೇಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್, ವಿಂಡೋಸ್ 11. ಅಪ್ಪ ಬ್ಯಾಂಕಿನ ಕೆಲಸ ಅದರಲ್ಲೇ ಮಾಡುತ್ತಾರೆ. ಮಗ ಅದರಲ್ಲೇ ಗೇಮ್ ಆಡುತ್ತಾನೆ. ನನ್ನ ಆಫೀಸಿನ ಫೈಲುಗಳು, ಹತ್ತು ವರ್ಷದ ಫೋಟೋಗಳು ಎಲ್ಲವೂ ಅದರಲ್ಲಿವೆ. ಕೊಂಡಾಗ ಜೊತೆಗೇ ಬಂದಿದ್ದ ಆಂಟಿವೈರಸ್‌ನ ಟ್ರಯಲ್ ಮುಗಿದು ನಾಲ್ಕು ತಿಂಗಳಾಯಿತು. ಈಗ ಒಂದು ವಾರದಿಂದ ಪರದೆಯ ಬಲಗಡೆ ಮೂಲೆಯಲ್ಲಿ "ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಸಿಕ್ಕಿವೆ, ಈಗಲೇ ತೆಗೆಯಿರಿ" ಅಂತ ಪದೇ ಪದೇ ಬರುತ್ತಿದೆ. ಅಪ್ಪನಿಗೆ ತುಂಬಾ ಗಾಬರಿಯಾಗಿದೆ. ದುಡ್ಡು ಕೊಟ್ಟು ಹೊಸದು ಕೊಳ್ಳಬೇಕಾ, ಫ್ರೀ ಸಾಕಾ? ಜಾಹೀರಾತಿನ ಮಾತು ಬೇಡ, ನಿಮ್ಮ ಅನುಭವ ಹೇಳಿ.

*

ಮೇಡಂ, ಆಂಟಿವೈರಸ್ ಮಾತು ಆಮೇಲೆ. ಮೊದಲು ಆ ಮೆಸೇಜ್ ಮೇಲೆ ಮನೆಯಲ್ಲಿ ಯಾರೂ ಕ್ಲಿಕ್ ಮಾಡದಂತೆ ನೋಡಿಕೊಳ್ಳಿ. ನಾನು ಹದಿನಾರು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. "ವೈರಸ್ ಬಂದಿದೆ" ಎಂದು ಜನ ತರುವ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ವೈರಸ್ಸೇ ಇರುವುದಿಲ್ಲ. ಇರುವುದು ಬರೀ ಬ್ರೌಸರ್ ನೋಟಿಫಿಕೇಶನ್. ಯಾವುದೋ ಸೈಟ್ "ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೋ ಒತ್ತಿ" ಎಂದಿರುತ್ತದೆ. ಒತ್ತಿದ ಮೇಲೆ ಆ ಸೈಟ್ ಮೂಲೆಯಲ್ಲಿ ಏನು ಬೇಕಾದರೂ ಬರೆದು ತೋರಿಸಬಹುದು.

ಗುರುತಿಸುವುದು ಕಷ್ಟ ಅಲ್ಲ. ಆ ಪುಟ್ಟ ಪೆಟ್ಟಿಗೆಯಲ್ಲಿ ಸಣ್ಣ ಅಕ್ಷರದಲ್ಲಿ ಬ್ರೌಸರಿನ ಹೆಸರು ಮತ್ತು ಒಂದು ಸೈಟಿನ ವಿಳಾಸ ಇದ್ದರೆ ಅದು ಇದೇ. ಬ್ರೌಸರಿನ ಸೆಟ್ಟಿಂಗ್ಸ್‌ಗೆ ಹೋಗಿ, ಮೇಲಿನ ಹುಡುಕುವ ಜಾಗದಲ್ಲಿ ನೋಟಿಫಿಕೇಶನ್ಸ್ ಎಂದು ಹುಡುಕಿ. ಅಲ್ಲಿ ಅಲೋ ಪಟ್ಟಿಯಲ್ಲಿ ಗೊತ್ತಿಲ್ಲದ ಹೆಸರು ಯಾವುದಿದ್ದರೂ ತೆಗೆದುಹಾಕಿ.

ಎರಡನೆಯದು, ಅವಧಿ ಮುಗಿದ ಆ ಟ್ರಯಲ್. ಅಪ್‌ಡೇಟ್ ನಿಂತ ಆಂಟಿವೈರಸ್‌ಗೆ ಈ ವಾರ ಹುಟ್ಟಿದ ವೈರಸ್ ಗೊತ್ತಿರುವುದಿಲ್ಲ. ಅದನ್ನು ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ. ಸರಿಯಾಗಿ ಹೋಗದಿದ್ದರೆ, ಇಂಥದ್ದನ್ನು ಬುಡಸಮೇತ ತೆಗೆಯಲು ದೊಡ್ಡ ಕಂಪನಿಗಳೇ ಒಂದು ಪುಟ್ಟ ಟೂಲ್ ಕೊಡುತ್ತವೆ, ಅವರ ಸೈಟಿನಿಂದಲೇ ತೆಗೆದುಕೊಳ್ಳಿ. ಅದು ಹೋದ ಮೇಲೆ ವಿಂಡೋಸ್ ಜೊತೆಗೇ ಇರುವ ಡಿಫೆಂಡರ್ ತಾನಾಗಿ ಚಾಲೂ ಆಗುತ್ತದೆ. ಆದರೂ ವಿಂಡೋಸ್ ಸೆಕ್ಯುರಿಟಿ ತೆರೆದು ಕಣ್ಣಾರೆ ನೋಡಿ. ಆಮೇಲೆ ಒಂದು ಫುಲ್ ಸ್ಕ್ಯಾನ್, ನಂತರ ಒಂದು ಆಫ್‌ಲೈನ್ ಸ್ಕ್ಯಾನ್. ಆಫ್‌ಲೈನ್ ಎಂದರೆ ಲ್ಯಾಪ್‌ಟಾಪ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ. ವಿಂಡೋಸ್ ಒಳಗೆ ಅಡಗಿ ಕೂರುವವು ಆಗ ಸಿಗುತ್ತವೆ. ಸುಮಾರು 15 ನಿಮಿಷ ಹಿಡಿಯುತ್ತದೆ. ಶುರು ಮಾಡುವ ಮೊದಲು ತೆರೆದಿರುವ ಫೈಲುಗಳನ್ನು ಸೇವ್ ಮಾಡಿ.

*

ಫ್ರೀ ಸಾಕಾ ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಡಿಫೆಂಡರ್ ಸಾಕು, ಆರು ವರ್ಷದಿಂದ ಅದೊಂದೇ ಇದೆ. ಮೊದಲು ನನಗೂ ಅದರ ಮೇಲೆ ನಂಬಿಕೆ ಇರಲಿಲ್ಲ. 2012ರಲ್ಲಿ ವಿಂಡೋಸ್ 8 ಜೊತೆ ಆಂಟಿವೈರಸ್ ಆಗಿ ಬಂದಾಗ ಪರೀಕ್ಷೆಗಳಲ್ಲಿ ಅದರ ಅಂಕ ಕಡಿಮೆಯೇ ಇತ್ತು. ಆ ಕಾಲದ ಮಾತನ್ನೇ ಜನ ಇನ್ನೂ ಹೇಳುತ್ತಾರೆ. ಈಗಿನ ಕಥೆ ಬೇರೆ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಎಂಬ ಎರಡು ಲ್ಯಾಬ್‌ಗಳು ಇವನ್ನೆಲ್ಲ ಪರೀಕ್ಷೆ ಮಾಡುತ್ತವೆ, ಫಲಿತಾಂಶ ಯಾರು ಬೇಕಾದರೂ ನೋಡಬಹುದು. ಕೊಳ್ಳುವ ಮೊದಲು ಅಲ್ಲಿ ನೋಡಿ, "ಟಾಪ್ ಟೆನ್" ಪಟ್ಟಿಗಳನ್ನು ನಂಬಬೇಡಿ. ಆ ಪಟ್ಟಿಗಳಲ್ಲಿ ಜಾಸ್ತಿ ಮಟ್ಟಿಗೆ ಕಮಿಷನ್ ಲೆಕ್ಕ ಇರುತ್ತದೆ. ನೋಡುವಾಗ ಒಂದೇ ತಿಂಗಳ ಅಂಕ ನೋಡಬೇಡಿ, ಒಂದೆರಡು ವರ್ಷದ್ದು ನೋಡಿ. ಎಷ್ಟು ಹಿಡಿಯಿತು ಎನ್ನುವಷ್ಟೇ ಮುಖ್ಯ, ಒಳ್ಳೆಯ ಫೈಲನ್ನು ವೈರಸ್ ಎಂದು ಎಷ್ಟು ಸಲ ತಪ್ಪಾಗಿ ಹಿಡಿಯಿತು ಎನ್ನುವುದು. ಸುಳ್ಳು ಎಚ್ಚರಿಕೆ ಜಾಸ್ತಿಯಾದರೆ ಮನೆಯವರು ನಿಜವಾದದ್ದನ್ನೂ ಓದದೆ ಮುಚ್ಚಿಬಿಡುತ್ತಾರೆ.

ಡಿಫೆಂಡರ್‌ಗೂ ಒಂದು ಕೊರತೆ ಇದೆ. ಅದು ಕ್ಲೌಡ್ ಮೇಲೆ ತುಂಬಾ ಅವಲಂಬಿಸಿದೆ, ಇಂಟರ್ನೆಟ್ ಇಲ್ಲದಾಗ ಸ್ವಲ್ಪ ಮಂಕು. ಹೊರಗಿನ ಪೆನ್ ಡ್ರೈವ್ ಹಾಕುವ ಮೊದಲು ನಾನು ನೆಟ್ ಇದೆಯಾ ಎಂದು ನೋಡಿಕೊಳ್ಳುತ್ತೇನೆ.

*

ನಾನು ಒಪ್ಪುವುದಿಲ್ಲ ಸರ್. ಅಂದರೆ, ನಿಮಗೆ ಸಾಕು, ಎಲ್ಲರಿಗೂ ಅಲ್ಲ. ನಮ್ಮ ತಂದೆಗೆ ಎಪ್ಪತ್ತೆರಡು ವರ್ಷ. ಅವರು ಯಾವ ಬ್ರೌಸರ್ ಬಳಸಿದರೂ ನಕಲಿ ಬ್ಯಾಂಕ್ ಸೈಟನ್ನು ತಡೆಯುವಂಥದ್ದು ಬೇಕಿತ್ತು, ತೊಂದರೆ ಬಂದರೆ ಫೋನಿನಲ್ಲಿ ಮಾತಾಡುವ ಒಬ್ಬ ಮನುಷ್ಯ ಬೇಕಿತ್ತು. ದುಡ್ಡು ಕೊಟ್ಟು ಕೊಂಡೆ. ಎರಡು ಸಲ ಅವರು ನಕಲಿ ಲಿಂಕ್ ಒತ್ತಿದಾಗ ಅದು ತಡೆದಿದೆ. ನನ್ನ ಮನಸ್ಸಿನ ನೆಮ್ಮದಿಗೆ ಅದು ದುಬಾರಿ ಅನಿಸಲಿಲ್ಲ.

ಆದರೆ ಕೊಳ್ಳುವವರು ಎರಡು ವಿಷಯ ಗಮನಿಸಿ. ಮೊದಲ ವರ್ಷದ ಬೆಲೆ ಕಡಿಮೆ, ಎರಡನೇ ವರ್ಷ ಆಟೋ ರಿನ್ಯೂವಲ್‌ನಲ್ಲಿ ಪೂರ್ತಿ ಬೆಲೆ ಕಡಿತವಾಗುತ್ತದೆ. ಕೊಂಡ ದಿನವೇ ಅದನ್ನು ಆಫ್ ಮಾಡಿ, ಬೇಕಾದರೆ ನೀವೇ ಮತ್ತೆ ಕೊಳ್ಳಿ. ಇನ್ನೊಂದು, ಎರಡು ಆಂಟಿವೈರಸ್ ಒಟ್ಟಿಗೆ ಓಡಿಸಬೇಡಿ. ಒಂದೇ ಫೈಲನ್ನು ಎರಡೂ ಹಿಡಿದು ಎಳೆದಾಡುತ್ತವೆ, ಲ್ಯಾಪ್‌ಟಾಪ್ ತೆವಳುತ್ತದೆ.

ಫ್ರೀ ಎಂದಾಗ ಅವರಿಗೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಯೋಚಿಸಬೇಕು ಅಲ್ವಾ? ಅವಾಸ್ಟ್ ತನ್ನ ಬಳಕೆದಾರರು ಯಾವ ಸೈಟ್ ನೋಡುತ್ತಾರೆ ಎನ್ನುವ ಮಾಹಿತಿಯನ್ನು ಜಂಪ್‌ಶಾಟ್ ಎಂಬ ತನ್ನದೇ ಕಂಪನಿಯ ಮೂಲಕ ಮಾರುತ್ತಿತ್ತು. 2020ರ ಜನವರಿಯಲ್ಲಿ ಸುದ್ದಿಯಾಗಿ ಆ ಕಂಪನಿಯನ್ನು ಮುಚ್ಚಿದರು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟಲು ಹೇಳಿತು. ನಮ್ಮನ್ನು ಕಾಯಬೇಕಾದದ್ದೇ ಹಾಗೆ ಮಾಡಿತು ಎನ್ನುವುದು ನನಗೆ ಇವತ್ತಿಗೂ ಬೇಸರ.

*

ನಿಮ್ಮ ಮಗ ಅದರಲ್ಲೇ ಗೇಮ್ ಆಡುತ್ತಾನೆ ಎಂದಿರಿ. ಅದಕ್ಕೆ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆಯಲ್ಲಿ ಒಳ್ಳೆಯ ಆಂಟಿವೈರಸ್ಸೇ ಇತ್ತು. ಹದಿಮೂರು ವರ್ಷದ ಮಗ ಒಂದು ಗೇಮಿಗೆ ಚೀಟ್ ಹುಡುಕಿದ. ಒಂದು ವಿಡಿಯೋದ ಕೆಳಗೆ ಲಿಂಕ್ ಇತ್ತು. ಡೌನ್‌ಲೋಡ್ ಮಾಡಿದಾಗ ಆಂಟಿವೈರಸ್ ಹಿಡಿಯಿತು, ಅಳಿಸಿಯೂ ಹಾಕಿತು. ಆದರೆ ಆ ವಿಡಿಯೋದಲ್ಲೇ ಹೇಳಿದ್ದರು, "ಇದು ಚೀಟ್ ಆದ್ದರಿಂದ ಆಂಟಿವೈರಸ್ ತಪ್ಪಾಗಿ ಹಿಡಿಯುತ್ತದೆ, ಹತ್ತು ನಿಮಿಷ ಆಫ್ ಮಾಡಿ" ಅಂತ. ಅವನು ಆಫ್ ಮಾಡಿದ. ಫೈಲ್ ತೆರೆದ. ಏನೂ ಆಗಲಿಲ್ಲ. ಗೇಮಿನಲ್ಲಿ ಚೀಟ್ ಕೆಲಸ ಮಾಡಲಿಲ್ಲ, ಅಷ್ಟೇ. ಆಂಟಿವೈರಸ್ ಮತ್ತೆ ಆನ್ ಮಾಡಿ ಮಲಗಿದ.

ಮೂರನೇ ದಿನ ನನ್ನ ಮೇಲ್‌ನಿಂದ ನನ್ನ ಪರಿಚಯದವರಿಗೆಲ್ಲ ದುಡ್ಡು ಕೇಳುವ ಮೆಸೇಜ್ ಹೋಗಿತ್ತು. ನನ್ನ ಮೇಲ್‌ಗೆ ಒಟಿಪಿ ಇತ್ತು, ಆದರೂ ಹೇಗೆ ಒಳಗೆ ಹೋದರು ಎಂದು ನನಗೆ ತಲೆಬುಡ ಅರ್ಥವಾಗಲಿಲ್ಲ. ಆಮೇಲೆ ತಿಳಿದವರು ಬಿಡಿಸಿ ಹೇಳಿದರು. ನಾವು ಒಂದು ಸಲ ಲಾಗಿನ್ ಆದ ಮೇಲೆ ಬ್ರೌಸರ್ ಒಂದು ಗುರುತುಚೀಟಿ ಇಟ್ಟುಕೊಳ್ಳುತ್ತದೆ, ಅದನ್ನು ಕುಕೀ ಎನ್ನುತ್ತಾರೆ. ಆ ಚೀಟಿ ಇದ್ದವರನ್ನು ಮತ್ತೆ ಪಾಸ್‌ವರ್ಡ್, ಒಟಿಪಿ ಕೇಳುವುದಿಲ್ಲ. ಮಗ ತೆರೆದ ಫೈಲ್ ಒಂದು ಸ್ಟೀಲರ್. ಬ್ರೌಸರಿನಲ್ಲಿ ಸೇವ್ ಆಗಿದ್ದ ಪಾಸ್‌ವರ್ಡ್‌ಗಳ ಜೊತೆ ಆ ಚೀಟಿಗಳನ್ನೂ ಕದ್ದು ಕಳಿಸಿತ್ತು. ಆ ಕೆಲಸಕ್ಕೆ ಒಂದೆರಡು ನಿಮಿಷ ಸಾಕಂತೆ.

ನಾವು ಮಾಡಿದ್ದು ಹೀಗೆ. ಲ್ಯಾಪ್‌ಟಾಪ್ ಮುಟ್ಟಲಿಲ್ಲ, ಅದರ ನೆಟ್ ಕತ್ತರಿಸಿದೆವು. ಫೋನಿನಿಂದ ಮೊದಲು ಮೇಲ್, ಆಮೇಲೆ ಬ್ಯಾಂಕ್, ಆಮೇಲೆ ಉಳಿದವುಗಳ ಪಾಸ್‌ವರ್ಡ್ ಬದಲಾಯಿಸಿದೆವು. ಪ್ರತಿ ಖಾತೆಯಲ್ಲೂ "ಎಲ್ಲ ಸಾಧನಗಳಿಂದ ಸೈನ್ ಔಟ್" ಒತ್ತಿದೆವು. ಇದನ್ನು ಬಿಟ್ಟರೆ ಪಾಸ್‌ವರ್ಡ್ ಬದಲಾಯಿಸಿದರೂ ಹಳೇ ಚೀಟಿ ಕೆಲವು ಕಡೆ ನಡೆಯುತ್ತಲೇ ಇರುತ್ತದೆ. ಕೊನೆಗೆ ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದೆವು. ಈಗ ಮಗನಿಗೆ ಬೇರೆ ಅಕೌಂಟ್, ಸ್ಟ್ಯಾಂಡರ್ಡ್ ಯೂಸರ್. ಅಡ್ಮಿನ್ ಪಾಸ್‌ವರ್ಡ್ ನನ್ನ ಹತ್ತಿರ ಮಾತ್ರ. ಆಂಟಿವೈರಸ್ ಆಫ್ ಮಾಡಬೇಕೆಂದರೆ ನನ್ನನ್ನೇ ಕೇಳಬೇಕು. ಅವನನ್ನು ನಾನು ಬೈಯಲಿಲ್ಲ. ಬೈದಿದ್ದರೆ ಮುಂದಿನ ಸಲ ಹೇಳುತ್ತಲೇ ಇರಲಿಲ್ಲ.

*

ಮೇಲಿನವರು ಹೇಳಿದ್ದು ಅಕ್ಷರಶಃ ನಿಜ. ಒಂದನ್ನು ಸೇರಿಸುತ್ತೇನೆ. ವಿಂಡೋಸ್ ತಾನಾಗಿ ಫೈಲ್ ಹೆಸರಿನ ಬಾಲವನ್ನು ಮುಚ್ಚಿಡುತ್ತದೆ. 2000ದ ಮೇ ತಿಂಗಳಲ್ಲಿ ಐಲವ್‌ಯೂ ವೈರಸ್ ಜಗತ್ತೆಲ್ಲ ಹರಡಿದ್ದಕ್ಕೆ ಇದೂ ಒಂದು ಕಾರಣ. ಪ್ರೇಮಪತ್ರ ಎನ್ನುವ ಹೆಸರಿನ ಕೊನೆಗೆ ಡಾಟ್ ಟಿಎಕ್ಸ್‌ಟಿ ಕಾಣುತ್ತಿತ್ತು, ಅದರಾಚೆ ಇದ್ದ ಡಾಟ್ ವಿಬಿಎಸ್, ಅಂದರೆ ಅದು ಪತ್ರವಲ್ಲ, ತೆರೆದರೆ ಓಡುವ ಪ್ರೋಗ್ರಾಂ ಎನ್ನುವ ಗುರುತು, ಕಾಣುತ್ತಿರಲಿಲ್ಲ. ಈಗಲೂ ಬಿಲ್ ಎಂದು ಬರುವ ಪಿಡಿಎಫ್‌ನ ಹಿಂದೆ ಡಾಟ್ ಇಎಕ್ಸ್‌ಇ ಅಡಗಿರುತ್ತದೆ, ಅದೂ ಪ್ರೋಗ್ರಾಂನ ಗುರುತೇ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ, ಶೋ, ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಆನ್ ಮಾಡಿಡಿ.

*

ಅಪ್ಪನ ಬಗ್ಗೆ ಒಂದು ಮಾತು. ಒಂದು ದಿನ ನಮ್ಮ ಅತ್ತೆಯವರ ಲ್ಯಾಪ್‌ಟಾಪಿನ ಪರದೆ ಪೂರ್ತಿ ಕೆಂಪಾಗಿ, ಸೈರನ್ ಹೊಡೆದುಕೊಂಡು, ಒಂದು ಫೋನ್ ನಂಬರ್ ತೋರಿಸಿತು. ಅವರು ಫೋನ್ ಮಾಡಿಬಿಟ್ಟರು. ಆ ಕಡೆಯವನು ತುಂಬಾ ಮರ್ಯಾದೆಯಿಂದ ಮಾತಾಡಿ, ದೂರದಿಂದ ಲ್ಯಾಪ್‌ಟಾಪ್ ನಡೆಸುವ ಒಂದು ಆ್ಯಪ್ ಹಾಕಿಸಿದ. ಪುಣ್ಯಕ್ಕೆ ನಾನು ಆಗಲೇ ಮನೆಗೆ ಬಂದೆ, ವೈಫೈ ಆಫ್ ಮಾಡಿದೆ. ಆ ಆ್ಯಪ್ ವೈರಸ್ ಅಲ್ಲ, ಆಫೀಸುಗಳಲ್ಲಿ ದಿನಾ ಬಳಸುವಂಥದ್ದು. ಅದಕ್ಕೇ ಆಂಟಿವೈರಸ್ ಸುಮ್ನಿತ್ತು.

ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಇಷ್ಟನ್ನು ಅಪ್ಪನಿಗೆ ಹೇಳಿಕೊಡಿ. ಪರದೆ ಹಾಗೆ ಆದರೆ ಆಲ್ಟ್ ಮತ್ತು ಎಫ್4 ಒಟ್ಟಿಗೆ ಒತ್ತಲಿ. ಮುಚ್ಚದಿದ್ದರೆ ಪವರ್ ಬಟನ್ ಒತ್ತಿ ಹಿಡಿಯಲಿ. ನಾನು ಒಂದು ಚೀಟಿಯಲ್ಲಿ ಬರೆದು ಅತ್ತೆಯವರ ಕೀಬೋರ್ಡಿನ ಪಕ್ಕ ಅಂಟಿಸಿದ್ದೇನೆ, ಕೆಳಗೆ ನನ್ನ ನಂಬರ್ ಇದೆ.

*

ಹತ್ತು ವರ್ಷದ ಫೋಟೋ ಎಂದು ಓದಿದಾಗ ಎದೆ ಧಸಕ್ ಎಂದಿತು. ನನ್ನವು ಹೋಗಿದ್ದವು.

ನಾನು ಅಪ್‌ಡೇಟ್ ಬಂದಾಗೆಲ್ಲ "ಆಮೇಲೆ ನೆನಪಿಸು" ಒತ್ತುತ್ತಿದ್ದೆ. ಒಂದು ಬೆಳಿಗ್ಗೆ ಎಲ್ಲ ಫೈಲುಗಳ ಹೆಸರೂ ಬದಲಾಗಿತ್ತು, ದುಡ್ಡು ಕೇಳುವ ಒಂದು ಚೀಟಿ ಇತ್ತು. ರಾನ್ಸಮ್‌ವೇರ್, ಅಂದರೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್. ಬ್ಯಾಕಪ್ ಇತ್ತು, ಆದರೆ ಆ ಹಾರ್ಡ್ ಡಿಸ್ಕ್ ಸದಾ ಲ್ಯಾಪ್‌ಟಾಪಿಗೆ ಸಿಕ್ಕಿಸಿಯೇ ಇರುತ್ತಿತ್ತು. ಅದರಲ್ಲಿದ್ದವೂ ಲಾಕ್ ಆಗಿದ್ದವು. ದುಡ್ಡು ಕೊಡಲಿಲ್ಲ. ಲಾಕ್ ಆದ ಫೈಲುಗಳನ್ನು ಅಳಿಸದೆ ಎತ್ತಿಟ್ಟೆ. ಯುರೋಪ್ ಒಕ್ಕೂಟದ ಪೊಲೀಸ್ ಸಂಸ್ಥೆ ಯೂರೋಪೋಲ್, ನೆದರ್ಲೆಂಡ್ಸ್ ಪೊಲೀಸರು ಮತ್ತು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಶುರು ಮಾಡಿದ ನೋ ಮೋರ್ ರಾನ್ಸಮ್ ಎನ್ನುವ ತಾಣ ಇದೆ, ಬೀಗ ತೆಗೆಯುವ ಟೂಲ್‌ಗಳು ಅಲ್ಲಿ ಫ್ರೀ. ನನ್ನದಕ್ಕೆ ಆಗ ಇರಲಿಲ್ಲ. ಎರಡು ವರ್ಷದ ಮೇಲೆ ಬಂತು. ಮಗಳ ಮೊದಲ ಹುಟ್ಟುಹಬ್ಬದ ಫೋಟೋ ತೆರೆದ ಆ ರಾತ್ರಿ ನಾನೂ ನನ್ನ ಹೆಂಡತಿಯೂ ಅತ್ತಿದ್ದೇವೆ. ಎಲ್ಲರಿಗೂ ಹೀಗೆ ಸಿಗುವುದಿಲ್ಲ.

ಅಪ್‌ಡೇಟ್ ಎಷ್ಟು ಮುಖ್ಯ ಎನ್ನುವುದಕ್ಕೆ ವಾನ್ನಾಕ್ರೈ ಎಂಬ ರಾನ್ಸಮ್‌ವೇರ್ ನೋಡಿ. ಅದು ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ವೈರಸ್ ಹರಡಿದ್ದು ಮೇ 12ರಂದು. ನಡುವೆ ಸುಮಾರು ಎರಡು ತಿಂಗಳು ಇತ್ತು. ಆ ಅಪ್‌ಡೇಟ್ ಹಾಕಿಕೊಂಡಿದ್ದ ಕಂಪ್ಯೂಟರುಗಳಿಗೆ ಅದು ಆ ದಾರಿಯಿಂದ ನುಗ್ಗಲು ಆಗಲಿಲ್ಲ. ವಿಂಡೋಸ್ 10 ಇನ್ನೂ ಇಟ್ಟುಕೊಂಡವರು ನೆನಪಿಡಿ, ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಡಿಫೆಂಡರ್‌ನಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಎನ್ನುವ ಒಂದು ಸ್ವಿಚ್ ಇದೆ, ಅದು ತಾನಾಗಿ ಆನ್ ಇರುವುದಿಲ್ಲ. ಆನ್ ಮಾಡಿದರೆ ಗೊತ್ತಿಲ್ಲದ ಪ್ರೋಗ್ರಾಂ ನಿಮ್ಮ ಫೋಟೋ ಫೋಲ್ಡರಿನಲ್ಲಿ ಕೈಯಾಡಿಸಲು ಬಿಡುವುದಿಲ್ಲ. ಮೊದಲ ವಾರ ಒಳ್ಳೆಯ ಪ್ರೋಗ್ರಾಂಗಳನ್ನೂ ತಡೆದು ಕಿರಿಕಿರಿ ಮಾಡುತ್ತದೆ, ಒಂದೊಂದಾಗಿ ಅನುಮತಿ ಕೊಡಬೇಕು.

*

ಕೇಳಿದವಳು ನಾನೇ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆ 5 ವೈರಸ್ ಮೆಸೇಜ್ ನೋಟಿಫಿಕೇಶನ್ನೇ ಆಗಿತ್ತು, ಯಾವುದೋ ಸಿನಿಮಾ ಸೈಟಿನದು. ತೆಗೆದ ಮೇಲೆ ನಿಂತಿದೆ. ಹಳೇ ಟ್ರಯಲ್ ಅನ್‌ಇನ್‌ಸ್ಟಾಲ್ ಮಾಡಿದೆ, ಡಿಫೆಂಡರ್ ಚಾಲೂ ಆಗಿದೆ. ಫುಲ್ ಸ್ಕ್ಯಾನ್ ಮೂರು ಗಂಟೆ ಓಡಿತು. ಮಗನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಎರಡು ಟ್ರೋಜನ್ (ಒಳ್ಳೆಯ ಪ್ರೋಗ್ರಾಂನ ವೇಷದ ವೈರಸ್) ಸಿಕ್ಕವು, ಗೇಮಿನ ಹೆಸರಿನವೇ. ಸಮಾಧಾನದಿಂದ ಕೇಳಿದೆ. ಒಂದನ್ನು ತೆರೆದಿರಲಿಲ್ಲವಂತೆ, ಇನ್ನೊಂದು ನೆನಪಿಲ್ಲವಂತೆ. ಬ್ಯಾಂಕ್ ಪಾಸ್‌ವರ್ಡ್ ಫೋನಿನಿಂದ ಬದಲಾಯಿಸಿ, ಎಲ್ಲ ಕಡೆಯಿಂದ ಸೈನ್ ಔಟ್ ಮಾಡಿದ್ದೇನೆ. ಈಗ ಫೋಟೋಗಳು ಹೊಸ ಹಾರ್ಡ್ ಡಿಸ್ಕಿಗೆ ಕಾಪಿ ಆಗುತ್ತಿವೆ, 180 ಜಿಬಿ ಇದೆ. ಇದು ಮುಗಿದ ಮೇಲೆ ಏನು ಮಾಡಲಿ?

*

ಒಂದನ್ನು ತೆರೆದಿದ್ದಾನೋ ಇಲ್ಲವೋ ನೆನಪಿಲ್ಲ ಎಂದರೆ, ತೆರೆದಿದ್ದಾನೆ ಎಂದೇ ತಿಳಿಯಿರಿ. ಇಷ್ಟು ದೂರ ಬಂದಿದ್ದೀರಿ, ವಿಂಡೋಸ್ ಹೊಸದಾಗಿ ಹಾಕಿಸಿಬಿಡಿ. ಮೇಲ್ ಪಾಸ್‌ವರ್ಡನ್ನೂ ಬದಲಾಯಿಸಿ, ಅದನ್ನು ಬರೆದಿಲ್ಲ ನೀವು. ಕಾಪಿ ಮುಗಿದ ಮೇಲೆ ಹಳೆಯವು, ಹೊಸವು, ನಡುವಿನವು ಎಂದು ಹತ್ತಿಪ್ಪತ್ತು ಫೋಟೋ ಆ ಹಾರ್ಡ್ ಡಿಸ್ಕಿನಿಂದಲೇ ತೆರೆದು ನೋಡಿ. ತೆರೆದರೆ ಕೇಬಲ್ ಕಿತ್ತು ಬೀರುವಿನಲ್ಲಿಡಿ. ಆಮೇಲೆ ವಿಂಡೋಸ್‌ಗೆ ಕೈ ಹಾಕಿ.