ಟ್ರ್ಯಾಕಿಂಗ್‌ಗೆ ‘ಜಾಡು’ ಸಾಕಾ?

ಗೆಳೆಯರೇ,

ಒಂದು ಪದದ ಹತ್ತಿರ ಬಂದು ಸಿಕ್ಕಿಹಾಕಿಕೊಂಡಿದ್ದೇನೆ. ನಮ್ಮೂರಿನ ಒಂದು ಪತ್ತಿನ ಸಂಘ ಮೊಬೈಲ್ ಆಪ್ ಮಾಡಿಸುತ್ತಿದೆ. ಅದರ ಕನ್ನಡ ಸೂಚನೆಯನ್ನು ತಿದ್ದಿಕೊಡಿ ಎಂದು ನನ್ನ ಕೈಗಿಟ್ಟರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲೋ, ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಒಂದರಲ್ಲೋ ಓದಿಕೊಳ್ಳುವ ಆಯ್ಕೆ ನಮಗಿರಬೇಕು. ಹಾಗಾಗಿ ಕನ್ನಡವೂ ಬೇಕು. ಒಳ್ಳೆಯದೇ. ಆದರೆ ಯಂತ್ರ ಅನುವಾದಿಸಿದ ಕರಡಿನ ಮೊದಲ ಸಾಲೇ ‘ದಯವಿಟ್ಟು ಕುಕಿಗಳನ್ನು ಸ್ವೀಕರಿಸಿ’ ಎಂದಿತ್ತು. ಮದುವೆಮನೆ ಬಾಗಿಲಲ್ಲಿ ತಾಂಬೂಲದ ತಟ್ಟೆ ಹಿಡಿದು ನಿಂತ ಹಾಗೆ!

ಇಲ್ಲಿ ಕುಕಿ ಎಂದರೆ ತಿನ್ನುವ ಬಿಸ್ಕತ್ತಲ್ಲ, ಜಾಲತಾಣ ನಮ್ಮ ಬ್ರೌಸರಿನಲ್ಲಿ ಇಡುವ ಸಣ್ಣ ಗುರುತಿನ ಚೀಟಿ. ಹಾಗಾಗಿ ಆ ಸಾಲನ್ನು ‘ಕುಕಿ ಇಡಲು ಒಪ್ಪಿದ್ದೇನೆ’ ಎಂದು ತಿದ್ದಿದೆ. ಕಷ್ಟ ಬಂದಿದ್ದು ‘ಟ್ರ್ಯಾಕಿಂಗ್’ ಹತ್ತಿರ, ಅಂದರೆ ನಾವು ಎಲ್ಲೆಲ್ಲಿ ಏನೇನು ನೋಡುತ್ತೇವೆ ಎಂದು ಬೆನ್ನು ಹತ್ತಿ ಗುರುತಿಟ್ಟುಕೊಳ್ಳುವುದು. ಕರಡಿನಲ್ಲಿ ಅದು ಒಂದು ಕಡೆ ‘ಹಿಂಬಾಲಿಸುವಿಕೆ’, ಇನ್ನೊಂದು ಕಡೆ ‘ಜಾಡು ಹಿಡಿಯುವಿಕೆ’, ಮತ್ತೊಂದು ಕಡೆ ‘ಕಣ್ಗಾವಲು’. ಮೂರೂ ಒಂದೇ ಎಂದು ಸುಮ್ನೆ ಬಿಡುತ್ತಿದ್ದೆನೋ ಏನೋ. ಆದರೆ ಅದೇ ವಾರ ಮನೆಯಲ್ಲಿ ಒಂದು ಘಟನೆ ಆಯಿತು.

ಅಪ್ಪನಿಗೆ ಎರಡು ವರ್ಷದಿಂದ ಕಿವಿ ಸ್ವಲ್ಪ ಮಂದ. ಅವರು ಒಪ್ಪುವುದಿಲ್ಲ. ಹಬ್ಬಕ್ಕೆ ಬಂದಿದ್ದ ಅಕ್ಕ ಒಂದು ರಾತ್ರಿ ತನ್ನ ಫೋನಿನಲ್ಲಿ ಶ್ರವಣ ಯಂತ್ರಗಳ ಬೆಲೆ ನೋಡಿದಳು. ಯಾರಿಗೂ ಹೇಳಿರಲಿಲ್ಲ. ಮಾರನೇ ದಿನ ಬೆಳಗ್ಗೆ ಅಪ್ಪ ತಮ್ಮ ಫೋನಿನಲ್ಲಿ ಅಡಿಕೆ ಧಾರಣೆ ನೋಡುತ್ತಿದ್ದರೆ, ಅದರ ಕೆಳಗೇ ಶ್ರವಣ ಯಂತ್ರದ ಜಾಹೀರಾತು. ಫೋನನ್ನು ನಮ್ಮ ಮುಖಕ್ಕೆ ಹಿಡಿದು, “ನನ್ನ ಕಿವಿ ವಿಷಯ ಇದಕ್ಕೆ ಯಾರು ಹೇಳಿದ್ದು?” ಎಂದು ಕೇಳಿದರು. ಅಕ್ಕ ಅಡುಗೆಮನೆಗೆ ಹೋದಳು.

ಎರಡೂ ಫೋನು ಒಂದೇ ವೈಫೈನಲ್ಲಿದ್ದವು. ಹೊರಗಿನಿಂದ ನೋಡುವವರಿಗೆ ಎರಡರ ಐಪಿ ವಿಳಾಸವೂ, ಅಂದರೆ ಇಂಟರ್ನೆಟ್ಟಿನಲ್ಲಿ ಗುರುತು ಹಿಡಿಯುವ ಸಂಖ್ಯೆಯೂ, ಒಂದೇ. ಇವರೆಲ್ಲ ಒಂದೇ ಮನೆಯವರು ಎಂದು ಲೆಕ್ಕ ಹಾಕಲು ಜಾಹೀರಾತಿನವರಿಗೆ ಅಷ್ಟು ಸಾಕು. ಹೀಗೇ ಆಗಿರಬೇಕು ಎಂದು ನನ್ನ ಊಹೆ. ಅಪ್ಪ ಇದನ್ನು ನಂಬಲಿಲ್ಲ. ಫೋನು ಕದ್ದು ಕೇಳುತ್ತದೆ ಎಂದೇ ಅವರ ವಾದ. “ನನಗೇ ಕೇಳ್ಸಲ್ಲ ಅಂತೀರಿ, ಅದಕ್ಕೆ ಎಲ್ಲಾ ಕೇಳ್ಸುತ್ತೆ.”

ಹಾಗೆ ನಂಬುವವರು ಜಾಸ್ತಿ, ಅಲ್ವಾ? ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು 2018ರಲ್ಲಿ 17,000ಕ್ಕೂ ಹೆಚ್ಚು ಆಂಡ್ರಾಯ್ಡ್ ಆಪ್‌ಗಳನ್ನು ಪರೀಕ್ಷಿಸಿದ್ದರು. ಮಾತನ್ನು ಕದ್ದು ಕೇಳಿ ಕಳಿಸುವ ಆಪ್ ಅವುಗಳಲ್ಲಿ ಸಿಗಲಿಲ್ಲ. ಪರದೆಯ ಮೇಲೆ ನಾವು ಮಾಡುವುದನ್ನು ಚಿತ್ರೀಕರಿಸಿ ಬೇರೆಯವರಿಗೆ ಕಳಿಸುವಂಥವು ಮಾತ್ರ ಸಿಕ್ಕವು! ಕಿವಿಗಿಂತ ಕಣ್ಣಿನ ಕೆಲಸವೇ ಹೆಚ್ಚು ಎಂದಾಯಿತು. ಕಿವಿಯ ಕಳ್ಳತನಕ್ಕೆ ಕನ್ನಡದಲ್ಲಿ ಗಟ್ಟಿ ಪದ ಇದೆ, ‘ಕದ್ದಾಲಿಕೆ’. 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟಿದ್ದು ಫೋನ್ ಕದ್ದಾಲಿಕೆಯ ಗಲಾಟೆಯಲ್ಲಿ. ಈಗಲೂ ಆ ಪದಕ್ಕೆ ಯಾರೂ ಅರ್ಥ ಕೇಳುವುದಿಲ್ಲ. ಕಣ್ಣಿಗೂ ಅಂಥದ್ದೇ ಒಂದು ಪದ ಮಾಡೋಣ ಎಂದರೆ ‘ಕಳ್ಳನೋಟ’ ಆಗಲೇ ಪ್ರೇಮಿಗಳ ಪಾಲಾಗಿದೆ.

ಈಗ ‘ಜಾಡು’. ಅಪ್ಪ ತೀರ್ಥಹಳ್ಳಿ ಕಡೆಯವರು. ತೋಟಕ್ಕೆ ಹಂದಿ ನುಗ್ಗಿದ ಬೆಳಗ್ಗೆ ‘ಜಾಡು ನೋಡ್ಕೊಂಡು ಬರ್ತೀನಿ’ ಎಂದು ಹೊರಡುತ್ತಿದ್ದರು. ಗಾಡಿ ಹೋದರೂ ಜಾಡು, ಹಂದಿ ಹೋದರೂ ಜಾಡು. ಹೋದವರೇ ಬಿಟ್ಟು ಹೋದ ಗುರುತು ಅದು. ಹಂದಿ ತನ್ನ ಪಾಡಿಗೆ ನಡೆಯಿತು, ನೆಲ ಒದ್ದೆಯಿತ್ತು, ಹೆಜ್ಜೆ ಮೂಡಿತು. ಜಾಡು ಹಿಡಿಯುವವನ ಕೆಲಸ ಆಮೇಲೆ ಶುರು.

ಕುಕಿಯದು ಹಾಗಲ್ಲ. 1994ರಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನ ಲೂ ಮೊಂಟುಲ್ಲಿ ಇದನ್ನು ಮಾಡಿದ್ದು ತಾಣಕ್ಕೆ ನೆನಪು ಕೊಡುವುದಕ್ಕೆ. ಒಮ್ಮೆ ಬಂದವನೇ ಮತ್ತೆ ಬಂದಿದ್ದಾನೆ ಎಂದು ತಾಣಕ್ಕೆ ಗೊತ್ತಾಗಬೇಕು, ಅಷ್ಟೇ. ಅದಕ್ಕಾಗಿ ಅದು ನಮ್ಮ ಬ್ರೌಸರಿನಲ್ಲಿ ಒಂದು ಸಣ್ಣ ಚೀಟಿ ಇಡುತ್ತದೆ. ಆಮೇಲೆ ಜಾಹೀರಾತಿನವರು ಹತ್ತಾರು ತಾಣಗಳಲ್ಲಿ ಒಂದೇ ಚೀಟಿ ಓದುವ ಉಪಾಯ ಕಂಡುಕೊಂಡರು. ಕಣ್ಣಿಗೇ ಕಾಣದ ಒಂದು ಚುಕ್ಕೆಯಷ್ಟು ಚಿತ್ರವನ್ನು ಪುಟದಲ್ಲಿ ಇಟ್ಟರೂ ನಾವು ಬಂದ ಸುದ್ದಿ ಅವರಿಗೆ ಮುಟ್ಟುತ್ತದೆ. ಅಂದರೆ ಗುರುತು ನಾವು ಬಿಟ್ಟದ್ದಲ್ಲ, ನಮಗೆ ಅವರು ಕಟ್ಟಿದ್ದು. ಮಲೆನಾಡಿನಲ್ಲಿ ದನವನ್ನು ಕಾಡಿಗೆ ಮೇಯಲು ಬಿಡುವಾಗ ಕೊರಳಿಗೆ ಮರದ ಗಂಟೆ ಕಟ್ಟುತ್ತಿದ್ದರಲ್ಲ, ಹಾಗೆ. ಸಂಜೆ ಆ ಸದ್ದು ಹಿಡಿದು ಹುಡುಕಿಕೊಂಡು ಹೋಗುತ್ತಿದ್ದರು. ಅದನ್ನು ಯಾರೂ ‘ಜಾಡು ಹಿಡಿಯುವುದು’ ಎನ್ನುತ್ತಿರಲಿಲ್ಲ.

ಉಳಿದ ಪದಗಳಲ್ಲೂ ತೊಡಕಿದೆ. ‘ಹಿಂಬಾಲಿಸು’ ಎಂದರೆ ಸಾಮಾಜಿಕ ತಾಣದ ‘ಫಾಲೋ’ ನೆನಪಾಗುತ್ತದೆ. ಅಲ್ಲಿ ನಮ್ಮನ್ನು ಹಿಂಬಾಲಿಸುವವರು ಜಾಸ್ತಿಯಾದಷ್ಟೂ ನಮಗೆ ಹೆಮ್ಮೆ. ‘ಕಣ್ಗಾವಲು’, ‘ನಿಗಾ’ ಎರಡರಲ್ಲೂ ಕಾಯುವ ಅರ್ಥ ಬೆರೆತಿದೆ. ಆಸ್ಪತ್ರೆಯಲ್ಲಿ ‘ತೀವ್ರ ನಿಗಾ ಘಟಕ’ ಇದೆ. ಶ್ರವಣ ಯಂತ್ರ ಮಾರುವವನು ಅಪ್ಪನ ಮೇಲೆ ಇಟ್ಟಿದ್ದು ಆ ನಿಗಾ ಅಲ್ಲ. ‘ಬೇಹು’ ಚಂದದ ಪದ. ಆದರೆ ಬೇಹುಗಾರ ಎಂದರೆ ರಾಜರ ಕಾಲದ ವೇಷ ಮರೆಸಿದ ಮನುಷ್ಯ ಕಣ್ಣ ಮುಂದೆ ಬರುತ್ತಾನೆ. ಇಲ್ಲಿ ಮನುಷ್ಯನೇ ಇಲ್ಲ.

ಇನ್ನು ‘ಟಾರ್ಗೆಟೆಡ್ ಜಾಹೀರಾತು’. ಕರಡಿನಲ್ಲಿ ‘ಉದ್ದೇಶಿತ ಜಾಹೀರಾತು’ ಎಂದಿದೆ. ಉದ್ದೇಶಿತ ಮೆಟ್ರೋ ಮಾರ್ಗ, ಉದ್ದೇಶಿತ ಮೇಲ್ಸೇತುವೆ ಎಂದು ಓದಿದ ನಮಗೆ ‘ಉದ್ದೇಶಿತ’ ಎಂದರೆ ಇನ್ನೂ ಆಗಿಲ್ಲ, ಬಹುಶಃ ಆಗುವುದೂ ಇಲ್ಲ ಎಂದೇ ಅರ್ಥ. ‘ಗುರಿಯಿಟ್ಟ ಜಾಹೀರಾತು’ ಎಷ್ಟೋ ವಾಸಿ. ‘ಟೀಕೆಗೆ ಗುರಿಯಾದರು’ ಎನ್ನುವ ಹಾಗೆ ‘ಜಾಹೀರಾತಿಗೆ ಗುರಿಯಾದರು’ ಎಂದರೂ ಕಿವಿಗೆ ಒಗ್ಗುತ್ತದೆ. 2023ರ ಕಾಯ್ದೆಯಲ್ಲೂ ಈ ಮಾತು ಬರುತ್ತದೆ. ಕೆಲವು ವಿನಾಯಿತಿ ಬಿಟ್ಟರೆ, 18 ವರ್ಷದೊಳಗಿನವರನ್ನು ಟ್ರ್ಯಾಕ್ ಮಾಡುವ ಹಾಗಿಲ್ಲ, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವ ಹಾಗಿಲ್ಲ. ಹಾಗಾಗಿ ಎರಡಕ್ಕೂ ಕನ್ನಡ ಬೇಕೇ ಬೇಕು.

ತಮಾಷೆ ಇರುವುದು ‘ಜಾಹೀರಾತು’ ಎಂಬ ಪದದಲ್ಲೇ. ಅರಬ್ಬಿಯ ‘ಜಾಹಿರ್’, ಅಂದರೆ ಎದ್ದು ಕಾಣುವುದು, ಬಯಲಾದದ್ದು. ಅದರಿಂದ ನಮ್ಮ ಜಾಹೀರು, ಜಾಹೀರಾತು. ಹತ್ತು ಜನರೆದುರು ಸಾರಿದ್ದು, ಡಂಗುರ ಹೊಡೆದಿದ್ದು. ಗೋಡೆ ಮೇಲಿನ ಬೀಡಿ ಜಾಹೀರಾತನ್ನು ಊರೆಲ್ಲ ನೋಡುತ್ತಿತ್ತು. ಅಪ್ಪನಿಗೆ ಕಂಡಿದ್ದು ಅವರಿಗೆ ಮಾತ್ರ ಕಂಡಿತು. ಪಕ್ಕದಲ್ಲೇ ಕೂತಿದ್ದ ನನ್ನ ಫೋನಿನಲ್ಲಿ ಅದೇ ಪುಟ ತೆರೆದರೆ ಬೈಕಿನ ಟೈರು ಬಂತು. ಜಾಹೀರೇ ಆಗದ ಇದು ಎಂಥ ಜಾಹೀರಾತು? ಕಿವಿಯಲ್ಲಿ ಉಸುರಿದ್ದಕ್ಕೆ ಡಂಗುರದ ಹೆಸರು. ‘ಕಿವಿಮಾತು’ ಎನ್ನೋಣವೆಂದರೆ ಅದಕ್ಕೆ ಹಿತವಚನದ ಅರ್ಥ ಬಂದುಬಿಟ್ಟಿದೆ. ಹೋಗಲಿ, ಪದ ಹಳತಾದರೂ ಬಳಕೆ ಗಟ್ಟಿಯಾಗಿದೆ, ಅದನ್ನು ಮುಟ್ಟುವುದಿಲ್ಲ.

‘ಪ್ರೈವೆಸಿ’ಗೆ ನಾವು ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಸಲ್ಲಿಸಿದ ಅರ್ಜಿಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಪ್ರೈವೆಸಿ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತಲ್ಲ, ಆಗ ‘ಖಾಸಗಿತನದ ಹಕ್ಕು’ ಪತ್ರಿಕೆಗಳಲ್ಲೆಲ್ಲ ಓಡಾಡಿತು. ಅದು ನನಗೆ ಸಾಕು.

ನನ್ನ ಪ್ರಶ್ನೆ ಇಷ್ಟು. ಗುರುತು ಕಟ್ಟಿಬಿಟ್ಟು ಆಮೇಲೆ ಅದನ್ನೇ ಹಿಡಿದು ಬೆನ್ನ ಹಿಂದೆ ಬರುವುದಕ್ಕೆ ನಿಮ್ಮ ಕಡೆ ಏನನ್ನುತ್ತೀರಿ? ದನಕರು ಸಾಕಿದವರು, ಕುರಿ ಕಾದವರು ಯಾರಾದರೂ ಇದ್ದರೆ ಹೇಳಿ. ಮರಾಠಿಯಲ್ಲಿ ಗುಟ್ಟಾಗಿ ಕಣ್ಣಿಡುವುದಕ್ಕೆ ‘ಪಾಳತ್’ ಎಂಬ ಪದವಿದೆ. ಬೆಳಗಾವಿ, ಬೀದರ್ ಕಡೆಯ ಕನ್ನಡದ ಬಾಯಲ್ಲಿ ಅದು ಕೇಳಿಸುತ್ತದಾ? ಇನ್ನೊಂದು, ಅಪ್ಪನಿಗೆ ಆ ಬೆಳಗ್ಗೆ ಆದದ್ದಕ್ಕೆ ಏನು ಹೆಸರು? ಭಯ ಅಲ್ಲ, ಸಿಟ್ಟೂ ಪೂರ್ತಿ ಅಲ್ಲ. ‘ಇರುಸುಮುರುಸು’ ಎಂದು ನಾನು ಬರೆಯಬಹುದು. ಅವರು ಹೇಳಿದ್ದು ‘ಒಂಥರಾ ಆಯ್ತು’ ಎಂದು.

ಕರಡನ್ನು ಸೋಮವಾರ ಒಪ್ಪಿಸಬೇಕು. ಸದ್ಯಕ್ಕೆ ‘ಟ್ರ್ಯಾಕ್ ಮಾಡುವುದು’ ಎಂದೇ ಬರೆದು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಗಂಟೆ ಕಟ್ಟುವುದು?’ ಎಂದು ಗೀಚಿಟ್ಟಿದ್ದೇನೆ. ಸಂಘದ ಕಾರ್ಯದರ್ಶಿ ಅದನ್ನು ನೋಡಿ, ದೇವಸ್ಥಾನದ ಕೆಲಸವೂ ಹಿಡಿದಿದ್ದೀರಾ ಎಂದು ಕೇಳಿದರು.